ಹನಿಯಾ ಬಂದರಿನ ಹಳೆಯ ಊರನ್ನು ಎಲ್ಲಿಂದ ನೋಡಲು ತೊಡಗಬೇಕು?

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ತಂದೆತಾಯಿಯರನ್ನು ಕರೆದುಕೊಂಡು ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೊರಟಿದ್ದೇವೆ. ಅಲ್ಲಿನ ಹನಿಯಾ ಊರಿನಲ್ಲಿ ವೆನಿಸ್ಸಿನವರು, ತುರ್ಕರು, ಯಹೂದಿಗಳು ಬಿಟ್ಟುಹೋದ ಕಟ್ಟಡಗಳು ಉಳಿದಿವೆಯೆಂದು ಓದಿದ್ದೇನೆ. ಯಾವುದನ್ನು ಮೊದಲು ನೋಡಿದರೆ ಊರು ಅರ್ಥವಾದೀತು? ತಂದೆಯವರಿಗೆ ಹೆಚ್ಚು ದೂರ ನಡೆಯಲಾಗದು, ನಾವು ಸಸ್ಯಾಹಾರಿಗಳು. ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ಹೆಚ್ಚಿನವರು ಬಂದರಿನ ದಂಡೆಯ ಹೋಟೆಲುಗಳ ಸಾಲಿನಲ್ಲಿ ಆರಂಭಿಸಿ ಅಲ್ಲಿಯೇ ಮುಗಿಸಿಬಿಡುತ್ತಾರೆ. ನೀವು ಮೊದಲು ಒಳಗಿನ ಓಣಿಗಳನ್ನು ಹಿಡಿದು ಸ್ಪ್ಲಾಂಜಿಯಾ ಚೌಕಕ್ಕೆ ಹೋಗಿ. ಅಲ್ಲಿರುವ ಸಂತ ನಿಕೋಲಾಸರ ಚರ್ಚಿನ ಒಂದು ಬದಿಗೆ ಗಂಟೆಗೋಪುರ, ಇನ್ನೊಂದು ಬದಿಗೆ ಎರಡು ಸುತ್ತುಮೊಗಸಾಲೆಗಳುಳ್ಳ ಮಿನಾರು ನಿಂತಿವೆ. 1320ರ ಸುಮಾರಿಗೆ ಡೊಮಿನಿಕನ್ ಪಂಥದ ಕ್ಯಾಥೊಲಿಕ್ ಸಂನ್ಯಾಸಿಗಳು ತಮ್ಮ ಮಠಕ್ಕೆಂದು ಕಟ್ಟಿಸಿದ ಈ ಚರ್ಚು, 1645ರಲ್ಲಿ ಎರಡು ತಿಂಗಳ ಮುತ್ತಿಗೆಯ ಬಳಿಕ ಊರು ಒಟ್ಟೊಮನ್ ತುರ್ಕರ ವಶವಾದಾಗ ಸುಲ್ತಾನ್ ಇಬ್ರಾಹಿಮನ ಹೆಸರಿನ ಮಸೀದಿಯಾಯಿತು. 1918ರಲ್ಲಿ ಆರ್ಥಡಾಕ್ಸ್ ಕ್ರೈಸ್ತರ ಚರ್ಚಾಯಿತು. ಬಂದರಿನ ಅಂಚಿನಲ್ಲಿರುವ ಕ್ಯುಚುಕ್ ಹಸನ್ ಮಸೀದಿಗೆ ಈಗ ಗುಮ್ಮಟಗಳಷ್ಟೇ ಉಳಿದಿವೆ, ಮಿನಾರಿಲ್ಲ. ಸಂತ ನಿಕೋಲಾಸರ ಚರ್ಚಿನಲ್ಲಿ ಮಿನಾರು ಉಳಿದುಕೊಂಡಿದೆ. ಇದನ್ನು ಕಂಡ ಮೇಲೆ ಅದನ್ನು ನೋಡಿದರೆ ಇಲ್ಲದಿರುವುದೂ ಕಣ್ಣಿಗೆ ಬೀಳುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಲವು ಸಂಸ್ಕೃತಿಗಳ ಊರು ಎಂದು ಹನಿಯಾವನ್ನು ಹೊಗಳುವಾಗ, ಆ ಕಟ್ಟಡಗಳಲ್ಲಿ ಪ್ರಾರ್ಥಿಸುತ್ತಿದ್ದವರು ಈಗ ಅಲ್ಲಿಲ್ಲವೆಂಬುದನ್ನು ಮರೆಯಬಾರದು. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ಮಾಡಿಕೊಂಡ ಜನವಿನಿಮಯದ ಒಪ್ಪಂದವು ಧರ್ಮವನ್ನೇ ಅಳತೆಗೋಲಾಗಿ ಹಿಡಿದದ್ದರಿಂದ, ಮನೆಯಲ್ಲಿ ಗ್ರೀಕ್ ಭಾಷೆಯನ್ನೇ ಆಡುತ್ತಿದ್ದ ಕ್ರೀಟಿನ ಮುಸಲ್ಮಾನರು ಸಹ ಹುಟ್ಟೂರು ಬಿಡಬೇಕಾಯಿತು; ಇಂದಿನ ತುರ್ಕಿಯ ಭಾಗವಾದ ಏಷ್ಯಾ ಮೈನರಿನಿಂದ ನೆಲೆ ತಪ್ಪಿದ ಕ್ರೈಸ್ತರು ಇಲ್ಲಿಗೆ ಬಂದರು.

ಸ್ಪ್ಲಾಂಜಿಯಾ ಚೌಕದಿಂದ ಪಶ್ಚಿಮಕ್ಕೆ, ಹಿಂದಿನ ಯಹೂದಿ ಕೇರಿಯ ಸಣ್ಣ ಓಣಿಯೊಂದರಲ್ಲಿ ಎಟ್ಸ್ ಹಾಯಿಮ್ ಎಂಬ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ ಇದೆ. ಇದೂ ಮೊದಲು ವೆನಿಸ್ಸಿನವರ ಕಾಲದ ಚರ್ಚಾಗಿತ್ತು. 1944ರ ಮೇ ತಿಂಗಳಲ್ಲಿ ಜರ್ಮನ್ ಸೈನಿಕರು ಊರಿನ ಯಹೂದಿಗಳನ್ನೆಲ್ಲ ಬಂಧಿಸಿ, ಬಳಿಕ ಹಡಗು ಹತ್ತಿಸಿದರು; ತನಾಯಿಸ್ ಎಂಬ ಆ ಹಡಗು ಜೂನ್ 9ರಂದು ಬ್ರಿಟಿಷ್ ಜಲಾಂತರ್ಗಾಮಿಯ ಟಾರ್ಪಿಡೊಗೆ ತುತ್ತಾಗಿ ಮುಳುಗಿತು. ಪಾಳುಬಿದ್ದಿದ್ದ ಸಿನಗಾಗನ್ನು ಇತಿಹಾಸಕಾರ ನಿಕೋಸ್ ಸ್ತಾವ್ರುಲಾಕಿಸ್ ಅವರು ಪಟ್ಟುಹಿಡಿದು ಜೀರ್ಣೋದ್ಧಾರ ಮಾಡಿಸಿ, 1999ರಲ್ಲಿ ಮತ್ತೆ ಪ್ರಾರ್ಥನೆಗೆ ತೆರೆದರು. ಅಂಗಳದಲ್ಲಿ ಯಹೂದಿ ಧರ್ಮಗುರುಗಳಾದ ರಬ್ಬಿಗಳ ಗೋರಿಗಳಿವೆ, ಶುದ್ಧಿಸ್ನಾನದ ಕೊಳವಿದೆ. ಇಲ್ಲಿ ಅವಸರ ಮಾಡಬೇಡಿ. ಶನಿವಾರ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ಪವಿತ್ರ ದಿನವಾದ್ದರಿಂದ ಬೇರೆ ದಿನವನ್ನೇ ಆರಿಸಿಕೊಳ್ಳಿ.

ಎರಡನೆಯ ಉತ್ತರ: ಮೇಲಿನವರ ಮಾತಿಗೆ ಸಮ್ಮತಿಯಿದೆ, ಕ್ರಮಕ್ಕೆ ಮಾತ್ರ ಇಲ್ಲ. ಊರಿನ ಕಥೆ ವೆನಿಸ್ಸಿನವರಿಂದ ಶುರುವಾದದ್ದಲ್ಲ. ಬಂದರಿನ ಮೇಲಣ ಕಸ್ತೆಲ್ಲಿ ದಿಬ್ಬದಲ್ಲಿ ಕಂಚಿನ ಯುಗದಲ್ಲಿ ಕ್ರೀಟಿನಲ್ಲಿ ಬಾಳಿದ ಮಿನೋವನ್ನರ ಕಾಲದ ಕಿದೋನಿಯಾ ಊರು ಹೂತುಹೋಗಿದೆ. ಅಗೆತದಲ್ಲಿ ಲೀನಿಯರ್ ಎ ಮತ್ತು ಲೀನಿಯರ್ ಬಿ ಎರಡೂ ಲಿಪಿಗಳ ಮಣ್ಣಿನ ಹಲಗೆಗಳು ಸಿಕ್ಕಿವೆ. ಇವುಗಳಲ್ಲಿ ಮೊದಲನೆಯದನ್ನು ಇಂದಿಗೂ ಯಾರೂ ಓದಲಾಗಿಲ್ಲ. ಆದ್ದರಿಂದ ಮೊದಲ ಬೆಳಿಗ್ಗೆಯನ್ನು ಪುರಾತತ್ವ ಸಂಗ್ರಹಾಲಯಕ್ಕೆ ಮೀಸಲಿಡುವುದು ಒಳ್ಳೆಯದೆಂದು ನನಗನಿಸುತ್ತದೆ. ಅದು 2022ರಲ್ಲಿ ಹಾಲೆಪಾ ಬಡಾವಣೆಯ ಹೊಸ ಕಟ್ಟಡಕ್ಕೆ ಬಂದಿದೆ. ಹಳೆಯ ಮಾರ್ಗದರ್ಶಿ ಪುಸ್ತಕ ಹಿಡಿದವರು ಊರೊಳಗಿನ ಸಂತ ಫ್ರಾನ್ಸಿಸರ ಚರ್ಚಿನಲ್ಲಿ ಅದನ್ನು ಹುಡುಕುತ್ತಾರೆ. ಹಿರಿಯರಿದ್ದಾರೆ, ಟ್ಯಾಕ್ಸಿ ಮಾಡಿಕೊಳ್ಳಿ.

ಮೂರನೆಯ ಉತ್ತರ: ನಾನೂ ವಯಸ್ಸಾದ ಅತ್ತೆಯವರೊಡನೆ ಹೋಗಿದ್ದೆ. ಹಳೆಯ ಊರಿನ ಒಳಗೆ ಹೆಚ್ಚಿನ ಓಣಿಗಳಿಗೆ ವಾಹನ ಬರುವುದಿಲ್ಲ. ನೆಲದ ಕಲ್ಲುಗಳು ಸವೆದು ನುಣುಪಾಗಿರುವುದರಿಂದ ಹಿಡಿತವಿರುವ ಪಾದರಕ್ಷೆ ಬೇಕೇ ಬೇಕು. ಹಡಗುಗಳಿಗೆ ದಾರಿ ತೋರುವ ಬಂದರಿನ ದೀಪಸ್ತಂಭವು ಕಣ್ಣೆದುರಿಗೇ ಇದ್ದಂತೆ ಕಂಡರೂ, ಬಂದರನ್ನು ಬಳಸಿ ಅಲೆತಡೆ ಗೋಡೆಯ ಮೇಲೆ ನಡೆದುಹೋದರೆ ಒಂದೂವರೆ ಕಿಲೋಮೀಟರಿನ ಹತ್ತಿರವಾಗುತ್ತದೆ, ನೆಲವೂ ಸಮನಾಗಿಲ್ಲ. ತಂದೆಯವರು ಅದನ್ನು ಎದುರು ದಂಡೆಯ ಫಿರ್ಕಾಸ್ ಕೋಟೆಯಿಂದಲೇ ನೋಡಲಿ. ವೆನಿಸ್ಸಿನವರು ಕಟ್ಟಿದ್ದ ಈ ಸ್ತಂಭವನ್ನು 1830ರ ದಶಕದಲ್ಲಿ, ದ್ವೀಪವು ಈಜಿಪ್ಟಿನ ಆಡಳಿತದಲ್ಲಿದ್ದಾಗ ಹೊಸದಾಗಿ ಕಟ್ಟಲಾಯಿತು. ಮಿನಾರಿನ ಹೋಲಿಕೆ ಬಂದಿರುವುದು ಹಾಗೆ. ಕ್ರೀಟ್ ಗ್ರೀಸನ್ನು ಸೇರಿದ 1913ರ ಡಿಸೆಂಬರ್ 1ರಂದು ಗ್ರೀಕ್ ಬಾವುಟ ಏರಿದ್ದು ಇದೇ ಕೋಟೆಯ ಮೇಲೆ.

ಊಟಕ್ಕೆ ತೊಂದರೆಯಿಲ್ಲ. ಹನಿಯಾದವರ ಬುರೇಕಿಯನ್ನು ಕೇಳಿ ಪಡೆಯಿರಿ: ಬಿಲ್ಲೆಯಾಗಿ ಹೆಚ್ಚಿದ ಆಲೂಗೆಡ್ಡೆ ಮತ್ತು ಜುಕೀನಿಯ ಪದರಗಳ ನಡುವೆ ಮಿಜಿಥ್ರಾ ಎಂಬ ಮೆತ್ತನೆಯ ಚೀಸನ್ನೂ ಪುದೀನವನ್ನೂ ಹಾಕಿ ಒಲೆಯಲ್ಲಿ ಬೇಯಿಸುತ್ತಾರೆ. ನಮ್ಮ ಅತ್ತೆಯವರು ಬೇರೇನನ್ನೂ ಕೇಳಲಿಲ್ಲ. ಮೊಟ್ಟೆಯನ್ನೂ ತಿನ್ನದವರಾದರೆ ಆರ್ಡರ್ ಕೊಡುವಾಗಲೇ ವಿಚಾರಿಸಿ. ಆರ್ಥಡಾಕ್ಸ್ ಉಪವಾಸದ ಅಡುಗೆಗೆ ಅಲ್ಲಿ ನಿಸ್ತಿಸಿಮೊ ಎನ್ನುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸೀಗಡಿ, ಕಪ್ಪೆಚಿಪ್ಪಿನಂಥವು ಇರಬಹುದು, ಅದನ್ನೂ ಕೇಳಿಕೊಳ್ಳಿ.