ಕಾರವಾರದ ಜೈಲಿನಲ್ಲಿ ಮಾನಸಿಕ ಆರೋಗ್ಯದ ಕೆಲಸಕ್ಕೆ ಸೇರುತ್ತಿದ್ದೇನೆ, ಬಲ್ಲವರು ತಿಳಿಸಿ

ಕೇಳಿದವರು: ಶಿರಸಿಯಿಂದ

ಎಂಎಸ್‌ಡಬ್ಲ್ಯೂ ಆದ ಮೇಲೆ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎಂ.ಫಿಲ್. ಮುಗಿಸಿದ್ದೇನೆ. ಮುಂದಿನ ತಿಂಗಳು ಕಾರವಾರದಲ್ಲಿ ಕೆಲಸಕ್ಕೆ ಸೇರಬೇಕು. ಮನೋವೈದ್ಯರ ಜೊತೆ ಜಿಲ್ಲಾ ಕಾರಾಗೃಹಕ್ಕೆ ಹೋಗುವುದು, ಉಳಿದ ದಿನ ಒಬ್ಬಳೇ ಹೋಗಿ ಬಂದಿಗಳನ್ನು ಮಾತನಾಡಿಸುವುದು, ಅವರ ಮನೆಯವರನ್ನು ಸಂಪರ್ಕಿಸುವುದು ನನ್ನ ಪಾಲಿನ ಕೆಲಸ. ಆಸ್ಪತ್ರೆಯ ವಾರ್ಡು ನನಗೆ ಗೊತ್ತು, ಜೈಲಿನ ಬಾಗಿಲು ದಾಟಿದವಳಲ್ಲ. ಮೊದಮೊದಲು ಕಣ್ಣು ಎಲ್ಲಿರಬೇಕು? ಸಿಬ್ಬಂದಿಯ ಜೊತೆ ಹೇಗಿರಬೇಕು? ಕೈದಿ ನಂಬಿ ಹೇಳಿದ್ದನ್ನು ಎಷ್ಟರ ಮಟ್ಟಿಗೆ ಗುಟ್ಟಾಗಿಡಬಹುದು? ಅಪ್ಪ ಅಮ್ಮ ಇಬ್ಬರಿಗೂ ದಿಗಿಲು. ಅವರಿಗೆ ಏನು ಹೇಳಲಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಕುಮಟಾದಿಂದ, ಜೈಲುಗಳಲ್ಲಿ ಇದೇ ಕೆಲಸ ಮಾಡಿದವರು

ಹೊಸದಾಗಿ ಒಳಗೆ ಬಂದವರ ಮೊದಲ ನಾಲ್ಕೈದು ದಿನಗಳ ಮೇಲೆ ಕಣ್ಣಿಡಿ. ಉಳಿದದ್ದೆಲ್ಲ ಆಮೇಲೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ದೊಡ್ಡ ಕಾರಣ ಕುಡಿತ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಮದ್ಯ ಅಗ್ಗ. ದಿನವೂ ಕುಡಿಯುತ್ತಿದ್ದವನಿಗೆ ಬಂಧನವಾದ ಗಳಿಗೆಯಿಂದಲೇ ಕುಡಿತ ನಿಂತುಹೋಗುತ್ತದೆ. ಆರು ಗಂಟೆಯಿಂದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು. ಠಾಣೆಯಲ್ಲಿ ಒಂದು ರಾತ್ರಿ ಕಳೆದು, ನ್ಯಾಯಾಧೀಶರ ಮುಂದೆ ನಿಂತು, ಜೈಲಿಗೆ ಬರುವಷ್ಟರಲ್ಲಿ ಆ ಅಪಾಯದ ಅವಧಿ ಶುರುವಾಗಿರುತ್ತದೆ.

ನಾನು ನೋಡಿದ ಒಬ್ಬ ದೋಣಿ ಕಾರ್ಮಿಕನ ವಿಷಯ ಹೇಳುತ್ತೇನೆ. ಬೆಳಿಗ್ಗೆ ತಿಂಡಿ ತಿಂದಿದ್ದ, ಹೆಸರು, ಊರು ಎಲ್ಲವನ್ನೂ ಸರಿಯಾಗಿ ಹೇಳಿದ್ದ. ಸಂಜೆ ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ ಕುಳಿತು, ಒಂದು ಕೈಯ ಹಿಂದೆ ಇನ್ನೊಂದು ಕೈ ಹಾಕಿ ಇಲ್ಲದ ಬಲೆಯನ್ನು ಎಳೆಯುತ್ತಿದ್ದ. ನಡುನಡುವೆ ನಿಂತು, ಸಿಕ್ಕಿಕೊಂಡ ಮೀನನ್ನು ಬಿಡಿಸಿ ಪಕ್ಕಕ್ಕೆ ಹಾಕುತ್ತಿದ್ದ. ಅಂಗಿ ಬೆವರಿನಿಂದ ತೊಯ್ದಿತ್ತು, ಬೆರಳುಗಳು ನಡುಗುತ್ತಿದ್ದವು. 'ಬೆಳಿಗ್ಗೆ ಚೆನ್ನಾಗಿಯೇ ಇದ್ದ, ಈಗ ಜಾಮೀನಿಗಾಗಿ ನಾಟಕ' ಎಂದು ಸುತ್ತಲಿದ್ದವರು ನಗುತ್ತಿದ್ದರು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ದಿಕ್ಕು ತಪ್ಪುವುದೇ ಸನ್ನಿಯ ಗುರುತು. ನಾಟಕ ಮಾಡುವವನು ಬೇಕೆಂದಾಗ ಹಾಗೆ ಬೆವರಲಾರ, ನಾಡಿಯನ್ನು ಹಾಗೆ ಓಡಿಸಲಾರ. ಇದು ಸಮಾಧಾನದ ಮಾತಿನಿಂದ ಇಳಿಯುವುದಲ್ಲ, ಆಸ್ಪತ್ರೆಗೇ ಸೇರಿಸಬೇಕು. ಚಿಕಿತ್ಸೆ ತಡವಾದರೆ ಜೀವ ಹೋಗಲೂಬಹುದು. ಅವನನ್ನು ಆ ರಾತ್ರಿಯೇ ಸಾಗಿಸಿದರು, ಬದುಕಿದ.

ಆದ್ದರಿಂದ ಹೊಸಬರನ್ನು ಮೊದಲು ಕೇಳಬೇಕಾದದ್ದು ಅಪರಾಧದ ವಿಷಯವಲ್ಲ. ಕೊನೆಯ ಬಾರಿ ಕುಡಿದದ್ದು ಯಾವಾಗ, ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಮನೆಯಲ್ಲಿ ಯಾವ ಗುಳಿಗೆ ನುಂಗುತ್ತಿದ್ದಿರಿ. ಉತ್ತರವನ್ನು ದಿನ, ಗಂಟೆ ಸಮೇತ ವೈದ್ಯರ ಕಡತದಲ್ಲಿ ಸೇರಿಸಿ. ನಿಮ್ಹಾನ್ಸ್‌ನವರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಸಂದರ್ಶಿಸಿ 2011ರಲ್ಲಿ ವರದಿ ಹೊರತಂದರು. ಮಾನಸಿಕ ಕಾಯಿಲೆ ಅಥವಾ ಚಟದ ಸಮಸ್ಯೆ ಇದ್ದವರು ಅದರಲ್ಲಿ ಶೇ 79.6. ಚಟವನ್ನು ಬದಿಗಿಟ್ಟು ಎಣಿಸಿದರೂ ಶೇ 27.6. ಈ ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ದಿನದ ಬಹುಪಾಲನ್ನು ತಿನ್ನುತ್ತದೆ.

ಇನ್ನು ಸಾಯುವ ಯೋಚನೆ. ಮೊದಲ ರಾತ್ರಿ, ಜಾಮೀನು ತಿರಸ್ಕೃತವಾದ ದಿನ, ತೀರ್ಪಿನ ದಿನ, ಮುಲಾಖಾತಿಗೆ ಹೆಂಡತಿ ಬರುವುದು ನಿಂತ ವಾರ, ಇವುಗಳನ್ನು ಗುರುತು ಹಾಕಿಕೊಳ್ಳಿ. ಈಗ ನ್ಯಾಯಾಲಯದ ಹಾಜರಾತಿ ಎಷ್ಟೋ ಸಲ ವಿಡಿಯೊ ಪರದೆಯಲ್ಲೇ ಮುಗಿದುಹೋಗುತ್ತದೆ. ಜಾಮೀನು ಸಿಗಲಿಲ್ಲ ಎಂಬುದನ್ನು ಪರದೆಯಲ್ಲಿ ಕೇಳಿದವನು ಮರುನಿಮಿಷ ಬ್ಯಾರಕ್ಕಿನಲ್ಲಿರುತ್ತಾನೆ, ದಾರಿಯಲ್ಲಿ ಮಾತನಾಡಿಸಲು ವಕೀಲರೂ ಇಲ್ಲ, ಮನೆಯವರೂ ಇಲ್ಲ. ಯಾರ ಹಾಜರಾತಿ ಯಾವ ದಿನ ಎಂಬ ಪಟ್ಟಿಯನ್ನು ಕಚೇರಿಯಿಂದ ಪಡೆದು ಅಂದು ಅವರನ್ನು ಕಾಣಿರಿ. 'ಸಾಯಬೇಕು ಅನ್ನಿಸುತ್ತಿದೆಯೇ?' ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರಾದರೂ ಪ್ರಯತ್ನ ಮಾಡಿದ್ದರೆ 'ಇನ್ನೊಂದು ಕೇಸು ಬಿತ್ತು' ಎಂದು ಹೆದರಿಸುವವರು ಸಿಗುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಎನ್ನುತ್ತದೆ. ಆ ಪುಟದ ಒಂದು ಪ್ರತಿ ನಿಮ್ಮ ಚೀಲದಲ್ಲಿರಲಿ.

ಗುಟ್ಟಿನ ಮಾತನ್ನು ಮೊದಲ ಭೇಟಿಯಲ್ಲೇ, ಅವರು ಬಾಯಿ ಬಿಡುವ ಮೊದಲೇ ಹೇಳಿಬಿಡಿ: ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ ನಾನು ಸುಮ್ಮನಿರುವುದಿಲ್ಲ, ನಿಮ್ಮ ಕಾಯಿಲೆಯ, ನಿಮ್ಮ ಮನೆಯ ಸಂಗತಿಯನ್ನು ಜೈಲಿನಲ್ಲಿ ಹರಡುವುದಿಲ್ಲ. ಸಿಬ್ಬಂದಿಯ ಕಣ್ಣಿಗೆ ಕಾಣುವ, ಕಿವಿಗೆ ಕೇಳಿಸದ ಜಾಗವನ್ನು ಕೇಳಿ ಪಡೆಯಿರಿ. ಸಿಗುವವರೆಗೆ ಬಿಡಬೇಡಿ.

ಅಂಕೋಲಾದಿಂದ, ಕಾರಾಗೃಹ ಇಲಾಖೆಯಿಂದ ನಿವೃತ್ತರು

ತಂಗಿ, ನಿಮ್ಮಂಥವರು ಬರುವುದು ನಮಗೆ ಬೇಕಾಗಿತ್ತು. ಸಿಬ್ಬಂದಿ ಕಲ್ಲು ಮನಸ್ಸಿನವರು ಎಂದುಕೊಂಡು ಒಳಗೆ ಬರಬೇಡಿ. ರಾತ್ರಿ ಪಾಳಿಯಲ್ಲಿ ಕಿರುಚುವವನನ್ನು ನೋಡಿಕೊಳ್ಳುವವರು ನಾವು. ಬೆಳಿಗ್ಗೆ ಏನಾದರೂ ಆಗಿದ್ದರೆ ವಿಚಾರಣೆ ಎದುರಿಸುವವರೂ ನಾವೇ. ಆ ಹೆದರಿಕೆ ಎಷ್ಟೋ ಸಲ ಸಿಟ್ಟಾಗಿ ಹೊರಬರುತ್ತದೆ.

ಬಂದಿ ಕೊಟ್ಟ ಚೀಟಿ, ಫೋನ್ ನಂಬರು, ದುಡ್ಡು, ಬೀಡಿ ಯಾವುದನ್ನೂ ಒಳಗೂ ಹೊರಗೂ ಸಾಗಿಸಬೇಡಿ. 'ತಾಯಿಗೆ ಒಂದು ಮಾತು ಮುಟ್ಟಿಸಿ' ಎಂದರೂ ಅದನ್ನು ಅಧೀಕ್ಷಕರ ಗಮನಕ್ಕೆ ತಂದೇ ಮಾಡಿ. ಒಂದು ಸಣ್ಣ ಉಪಕಾರ ಮುಂದೆ ದೊಡ್ಡ ಒತ್ತಾಯವಾಗುತ್ತದೆ. ಬಂದಿಗಳ ಎಣಿಕೆಯ ಹೊತ್ತು, ಲಾಕಪ್ಪಿನ (ಬ್ಯಾರಕ್ಕಿಗೆ ಬೀಗ ಹಾಕುವ) ಹೊತ್ತು ತಿಳಿದುಕೊಂಡು ಬನ್ನಿ. ಆ ಹೊತ್ತಿನಲ್ಲಿ ಬಂದಿಯನ್ನು ಕರೆಸಿ ಎಂದರೆ ಇಡೀ ಪಾಳಿಗೆ ನೀವು ಬೇಡವಾಗುತ್ತೀರಿ.

ನಿದ್ರೆಯ ಗುಳಿಗೆಯ ಮೇಲೆ ಎಚ್ಚರವಿರಲಿ. ನಾಲಿಗೆಯ ಕೆಳಗಿಟ್ಟುಕೊಂಡು ಹೋಗಿ ಬೀಡಿಗೆ ಬದಲು ಕೊಡುವವರಿದ್ದಾರೆ, ಒಟ್ಟಿಗೆ ನುಂಗಲು ಕೂಡಿಡುವವರೂ ಇದ್ದಾರೆ. ನಮ್ಮೆದುರಿಗೇ ನುಂಗಿಸಿ ಬಾಯಿ ತೆರೆಸಿ ನೋಡುವ ಕ್ರಮ ಇರಬೇಕು. ಬಾಯಿ ತೆರೆಸುವಾಗ ಮರ್ಯಾದೆಯಿಂದ ಕೇಳಬೇಕು ಎಂಬುದನ್ನು ನನಗೆ ಒಬ್ಬ ನರ್ಸ್ ಹೇಳಿಕೊಟ್ಟರು, ಅದರಿಂದ ಜಗಳ ಅರ್ಧಕ್ಕರ್ಧ ಇಳಿಯಿತು.

ಮಳೆಗಾಲದ ಒಂದು ಮಾತು. 2024ರ ಜುಲೈನಲ್ಲಿ ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನಿಮಗೆ ಗೊತ್ತಿದೆ. ಅಂಥ ಸುದ್ದಿ ಟಿ.ವಿ.ಯಲ್ಲಿ ಬಂದರೆ ಒಳಗಿರುವವನಿಗೆ ತನ್ನ ಮನೆಯವರು ಹೇಗಿದ್ದಾರೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಅಂದು ಅಧೀಕ್ಷಕರನ್ನು ಕೇಳಿ, ಆ ಕಡೆಯ ಬಂದಿಗಳ ಮನೆಗಳಿಗೆ ಮೊದಲು ಫೋನು ಮಾಡಿಸಿ.

ಕುಮಟಾದವರ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಂದಿಗೆ ಏನಾಗಿದೆ ಎಂದು ನಮಗೆ ಹೇಳದೆ ಇದ್ದರೆ ರಾತ್ರಿ ನಾವು ಏನು ನೋಡಿಕೊಳ್ಳಬೇಕು?

ಕುಮಟಾದವರೇ

ಅಂಕೋಲಾದವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ರಾತ್ರಿ ಪಾಳಿಯವರಿಗೆ ಬೇಕಾದದ್ದು ಕಾಯಿಲೆಯ ಹೆಸರಲ್ಲ, ಮಾಡಬೇಕಾದ ಕೆಲಸ. 'ಇವನನ್ನು ಒಬ್ಬನೇ ಇರಿಸಬೇಡಿ, ಆಗಾಗ ಹೋಗಿ ನೋಡಿ, ಮಾತು ತಪ್ಪಿದರೆ, ಮೈ ನಡುಗಿದರೆ ಕೂಡಲೇ ವೈದ್ಯರನ್ನು ಕರೆಯಿರಿ.' ಇದನ್ನು ಬರೆದು ಸಹಿ ಹಾಕಿ ಕೊಡಬೇಕು, ಪಾಳಿ ಬದಲಾಗುವಾಗ ಬಾಯಲ್ಲೂ ಹೇಳಬೇಕು. ಅವನು ಬಾಲ್ಯದಲ್ಲಿ ಏನು ಅನುಭವಿಸಿದ, ಅವನ ಹೆಂಡತಿ ಯಾಕೆ ಬಿಟ್ಟುಹೋದಳು ಎಂಬುದು ಪಾಳಿಯವರಿಗೆ ಬೇಡ.

ಕಾರವಾರದಿಂದ, ಕಾನೂನು ನೆರವಿನ ಕೆಲಸದಲ್ಲಿರುವವರು

ಕೇಸಿನ ಸಂಗತಿಗಳನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಡಿ ಎಂಬುದೇ ನನ್ನ ಮೊದಲ ಸಲಹೆ. 'ಆ ರಾತ್ರಿ ಹೀಗೆ ಹೊಡೆದೆ' ಎಂದು ಅವನು ಹೇಳಬಹುದು. ನೀವು ಬರೆಯಬೇಕಾದದ್ದು 'ನಿದ್ರೆಯಿಲ್ಲ, ಪಶ್ಚಾತ್ತಾಪದ ಮಾತು, ಊಟ ಬಿಟ್ಟಿದ್ದಾನೆ' ಎಂದಷ್ಟೇ. ನ್ಯಾಯಾಲಯ ಕಡತವನ್ನು ತರಿಸಿಕೊಳ್ಳಬಹುದು. ವಿಚಾರಣಾಧೀನ ಕೈದಿ ಇನ್ನೂ ಆರೋಪಿ ಮಾತ್ರ, ನೀವು ತನಿಖಾಧಿಕಾರಿಯಲ್ಲ.

ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರಿಗೂ ಮಾನಸಿಕ ಅಸ್ವಸ್ಥರಿಗೂ ಉಚಿತ ವಕೀಲರು ಸಿಗಬೇಕು. ತನ್ನ ವಕೀಲ ಯಾರು ಎಂದು ಹೇಳಲಾಗದವರು ಸಿಕ್ಕರೆ ಅದೇ ದಿನ ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಿ, ಸಹಾಯವಾಣಿ 15100. ತನ್ನ ಮೇಲಿನ ಆರೋಪವೇ ಅರ್ಥವಾಗದ ಸ್ಥಿತಿಯಲ್ಲಿರುವವರಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೆಯ ಸೆಕ್ಷನ್‌ನಿಂದ ಮುಂದಕ್ಕೆ ಪ್ರತ್ಯೇಕ ವಿಧಾನವಿದೆ. ನ್ಯಾಯಾಧೀಶರಿಗೆ ಅದನ್ನು ಯಾರಾದರೂ ತಿಳಿಸಬೇಕು. ಸುಮ್ಮನೆ ಕುಳಿತವನನ್ನು 'ತೊಂದರೆ ಕೊಡದ ಬಂದಿ' ಎಂದು ಬಿಟ್ಟುಬಿಡುತ್ತಾರೆ, ತಿಂಗಳುಗಟ್ಟಲೆ ದಿನಾಂಕ ಮುಂದೆ ಹೋಗುತ್ತದೆ. ಅಂಥವರನ್ನು ಹುಡುಕುವುದು ನಿಮ್ಮಿಂದಲೇ ಸಾಧ್ಯ.

ಅದೇ ಸಂಹಿತೆಯ 479ನೆಯ ಸೆಕ್ಷನ್ ಕೂಡ ಗೊತ್ತಿರಲಿ. ಹಿಂದೆ ಯಾವ ಶಿಕ್ಷೆಯೂ ಆಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಬಾಂಡಿನ ಮೇಲೆ ಬಿಡುಗಡೆಗೆ ಪರಿಗಣಿಸಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು, ಹಲವು ಪ್ರಕರಣಗಳು ಬಾಕಿಯಿದ್ದವರಿಗೂ ಅನ್ವಯಿಸದು. ಅವಧಿ ತುಂಬಿದ್ದನ್ನು ನ್ಯಾಯಾಲಯಕ್ಕೆ ಬರೆಯಬೇಕಾದವರು ಅಧೀಕ್ಷಕರು. ಜಾಮೀನು ಸಿಕ್ಕರೂ ಜಾಮೀನುದಾರರಿಲ್ಲದೆ ಒಳಗೇ ಉಳಿದವರ ಮಂಕುತನ ಎಷ್ಟೋ ಸಲ ಗುಳಿಗೆಗೆ ಬಗ್ಗುವುದಿಲ್ಲ, ಜಾಮೀನುದಾರ ಸಿಕ್ಕ ದಿನ ಬಗ್ಗುತ್ತದೆ. ಹೆಂಗಸರ ಕಡೆ ಹೋಗುವುದನ್ನು ಮರೆಯಬೇಡಿ. ಸಣ್ಣ ಜೈಲುಗಳಲ್ಲಿ ಅವರು ಬೆರಳೆಣಿಕೆಯಷ್ಟೇ ಇರುತ್ತಾರೆ, ಹಾಗಾಗಿ ಯಾವ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ.

ಹೊನ್ನಾವರದಿಂದ, ಒಬ್ಬ ಬಂದಿಯ ಅಕ್ಕ

ನಾನು ಓದಿದವಳಲ್ಲ, ಆದರೆ ಇದನ್ನು ಬರೆಯಲೇಬೇಕು. ನನ್ನ ತಮ್ಮನಿಗೆ ಮೊದಲಿನಿಂದಲೂ ಕಾಯಿಲೆಯಿತ್ತು, ಗುಳಿಗೆಯ ಮೇಲೆ ಚೆನ್ನಾಗಿದ್ದ. ಗುಳಿಗೆ ತಪ್ಪಿದ ಹೊತ್ತಿನಲ್ಲಿ ಜಗಳ ಮಾಡಿಕೊಂಡು ಜೈಲು ಸೇರಿದ. ಯಾವ ಊರಿನ ಜೈಲು ಎಂದು ಹೇಳುವುದಿಲ್ಲ. ನಮ್ಮಿಂದ ಅಲ್ಲಿಗೆ ಎರಡು ಬಸ್ಸು ಬದಲಾಯಿಸಬೇಕು. ಮುಲಾಖಾತಿನಲ್ಲಿ ಜಾಲರಿಯ ಆಚೆಯಿಂದ ಎಲ್ಲರೂ ಒಟ್ಟಿಗೇ ಕೂಗುತ್ತಾರೆ. ಊಟ ಮಾಡಿದೆಯಾ ಎಂದು ಕೇಳಿದರೆ ಅವನಿಗೆ ಕೇಳಿಸಲಿಲ್ಲ.

ಒಳಗೆ ಅವನಿಗೆ ಔಷಧಿ ಸಿಕ್ಕಿತು, ಅದಕ್ಕೆ ಪುಣ್ಯ ಕಟ್ಟಿಕೊಂಡವರಿದ್ದಾರೆ. ಆದರೆ ಜಾಮೀನಿನ ಆದೇಶ ಸಂಜೆ ಬಂತು, ರಾತ್ರಿಯೇ ಬಿಟ್ಟರು. ಕೈಯಲ್ಲಿ ಗುಳಿಗೆಯೂ ಇಲ್ಲ, ಚೀಟಿಯೂ ಇಲ್ಲ. ನಮಗೆ ಸುದ್ದಿಯೂ ಇಲ್ಲ. ಬಸ್ ನಿಲ್ದಾಣದಲ್ಲಿ ಮಲಗಿ ಮರುದಿನ ಮನೆಗೆ ಬಂದ. ಯಾವ ಗುಳಿಗೆ, ಎಷ್ಟು ಎಂದು ಅವನಿಗೂ ಗೊತ್ತಿಲ್ಲ. ತಿಂಗಳು ತುಂಬುವ ಮೊದಲೇ ಮತ್ತೆ ಮೊದಲಿನ ಸ್ಥಿತಿ.

ಒಳಗೆ ಹೋದ ದಿನವೇ ಮನೆಯವರ ನಂಬರು ಬರೆದಿಟ್ಟುಕೊಳ್ಳಿ, ಅಮ್ಮಾ. ಜಾಮೀನು ಇಂದೋ ನಾಳೆಯೋ ಎಂದು ಕಾಯಬೇಡಿ. ಬಿಡುಗಡೆಯಾದವನ ಕೈಗೆ ಸೇರಬೇಕಾದ ಚೀಟಿಯನ್ನು ಮೊದಲೇ ತಯಾರು ಮಾಡಿ ಬಾಗಿಲ ಕಚೇರಿಯಲ್ಲಿ ಇಡಿ. ಎರಡನೆಯ ಸಲ ಅವನು ಒಳಗಿದ್ದಾಗ ನಿಮ್ಮಂಥ ಒಬ್ಬರು ಫೋನು ಮಾಡಿ, 'ತಾಲೂಕು ಆಸ್ಪತ್ರೆಯಲ್ಲೇ ಈ ಗುಳಿಗೆ ಪುಕ್ಕಟೆ ಸಿಗುತ್ತದೆ, ಮನೋವೈದ್ಯರು ಬರುವ ಮನೋಚೈತನ್ಯದ ದಿನ ಯಾವುದೆಂದು ಕೇಳಿಕೊಂಡು ಹೋಗಿ' ಎಂದರು. ಅಷ್ಟು ಹೇಳುವವರು ಮೊದಲೇ ಇದ್ದಿದ್ದರೆ ಅವನು ಎರಡನೆಯ ಸಲ ಒಳಗೆ ಹೋಗುತ್ತಿರಲಿಲ್ಲ. ಈಗ ದೋಣಿ ಕೆಲಸಕ್ಕೆ ಹೋಗುತ್ತಿದ್ದಾನೆ.

ಶಿರಸಿಯವರು

ಎಲ್ಲರಿಗೂ ನಮಸ್ಕಾರ. ಹೊನ್ನಾವರದ ಅಕ್ಕ, ನೀವು ಹೇಳಿದ ಚೀಟಿಯ ಕೆಲಸವನ್ನು ಮೊದಲ ವಾರವೇ ಶುರು ಮಾಡುತ್ತೇನೆ. ಇನ್ನೊಂದು ಪ್ರಶ್ನೆ: ನನಗೆ ಕೊಂಕಣಿ ಅರ್ಥವಾಗುತ್ತದೆ, ಮಾತು ಅಷ್ಟಕ್ಕಷ್ಟೆ. ಹೊರರಾಜ್ಯದವರೂ ಇರುತ್ತಾರಂತೆ. ಇನ್ನೊಬ್ಬ ಬಂದಿಯಿಂದ ಅನುವಾದ ಮಾಡಿಸಬಹುದೇ?

ಕುಮಟಾದವರೇ

ಊಟ, ನಿದ್ರೆ, ಗುಳಿಗೆಯ ಮಟ್ಟಿಗೆ ಮಾಡಿಸಬಹುದು. ಅದಕ್ಕಿಂತ ಒಳಗಿನ ಮಾತಿಗೆ ಖಂಡಿತ ಬೇಡ, ಅದು ರಾತ್ರಿಯೊಳಗೆ ಬ್ಯಾರಕ್ಕಿನ ಸ್ವತ್ತಾಗುತ್ತದೆ. ಒಡಿಶಾ, ಜಾರ್ಖಂಡ್ ಕಡೆಯಿಂದ ದೋಣಿಗಳಿಗೆ ಬಂದ ಹುಡುಗರಿಗೆ ಹರುಕು ಹಿಂದಿ ಸಾಕಾಗುತ್ತದೆ. ಮನಸ್ಸಿನ ಮಾತು ಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಲವು ಭಾಷೆಗಳಲ್ಲಿ ಸಿಗುತ್ತದೆ, ಅಧೀಕ್ಷಕರ ಒಪ್ಪಿಗೆ ಪಡೆದು ವೈದ್ಯರ ಕೋಣೆಯಿಂದ ಕರೆ ಮಾಡಿಸಿ. ಇವರ ವಿಷಯದಲ್ಲಿ ದೋಣಿ ಮಾಲೀಕರ ನಂಬರನ್ನು ಮೇ ತಿಂಗಳೊಳಗೆ ಪಡೆದಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತು ಜೊತೆಗಾರರೆಲ್ಲ ಊರಿಗೆ ಹೋಗಿಬಿಡುತ್ತಾರೆ, ಆಮೇಲೆ ಅವರ ಮನೆಯ ವಿಳಾಸ ಹೇಳುವವರೇ ಸಿಗುವುದಿಲ್ಲ.

ಅಪ್ಪ ಅಮ್ಮನಿಗೆ ಹೀಗೆ ಹೇಳಿ: ನೀವು ಬಾಗಿಲಿನ ಪಕ್ಕ ಕುಳಿತುಕೊಳ್ಳುತ್ತೀರಿ, ಸಿಬ್ಬಂದಿಯ ಕಣ್ಣು ನಿಮ್ಮ ಮೇಲಿರುತ್ತದೆ, ಲಾಕಪ್ಪಿನ ಮೊದಲು ಹೊರಗಿರುತ್ತೀರಿ. ಅವರು ಹೆದರುವ ಅಪಾಯ ಅಲ್ಲಿ ಕಡಿಮೆ. ಕಷ್ಟವಿರುವುದು ಕೇಳಿದ ಮಾತುಗಳನ್ನು ಹೊತ್ತುಕೊಂಡು ಮನೆಗೆ ಬರುವುದರಲ್ಲಿ, ಮುಖ್ಯವಾಗಿ ಮಕ್ಕಳ ಮೇಲಿನ ಅಪರಾಧದ ಆರೋಪಿಗಳನ್ನು ಮಾತನಾಡಿಸಿದ ದಿನ. ಇದಕ್ಕೆ ಹಿರಿಯರೊಬ್ಬರ ಜೊತೆ ಕ್ರಮವಾಗಿ ಪ್ರಕರಣ ಚರ್ಚಿಸುವುದೊಂದೇ ಮದ್ದು, ಅದನ್ನು ಕೆಲಸದ ಷರತ್ತಿನಲ್ಲೇ ಕೇಳಿ ಪಡೆಯಿರಿ. ಅಲ್ಲಿ ಯಾರೂ ಸಿಗದಿದ್ದರೆ ನಾನಿದ್ದೇನೆ. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗುವಾಗ ಕುಮಟಾ ನಿಮ್ಮ ದಾರಿಯಲ್ಲೇ ಇದೆ. ಬಂದಿಗಳ ಹೆಸರು, ಗುರುತು ತೆಗೆದ ಟಿಪ್ಪಣಿಗಳೊಂದಿಗೆ ಒಂದು ಭಾನುವಾರ ಇಳಿದುಕೊಳ್ಳಿ, ಒಟ್ಟಿಗೆ ಕುಳಿತು ನೋಡೋಣ.