ಸಹಾಯ ಬೇಕು: ಹಿರಿಯರ ಫ್ಲೂ ಲಸಿಕೆಗೆ ಕ್ಯಾರಿಯರ್, ನರ್ಸ್

ನಮಸ್ಕಾರ. ಭಾನುವಾರ ಬಡಾವಣೆಯ 65 ದಾಟಿದ 20 ಜನರಿಗೆ ಫ್ಲೂ ಲಸಿಕೆ, ಡಾಕ್ಟರು ಒಪ್ಪಿದ್ದಾರೆ. ವ್ಯಾಕ್ಸಿನ್ ಕ್ಯಾರಿಯರ್ (ಲಸಿಕೆ ತಣ್ಣಗಿಟ್ಟು ಒಯ್ಯುವ ಪೆಟ್ಟಿಗೆ) ಯಾರ ಹತ್ತಿರವಾದರೂ ಇದೆಯಾ? ಒಳಗೆ 2ರಿಂದ 8 ಡಿಗ್ರಿ ಇರಬೇಕು. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಹಾಗೇ ಇಟ್ಟರೆ ಲಸಿಕೆ ಹೆಪ್ಪುಗಟ್ಟಿ ಕೆಟ್ಟೀತು. ಪ್ಯಾಕ್ ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೇ ಇಡಬೇಕು. ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿದರೂ ಉಪಯೋಗವಿಲ್ಲ, ಎಸೆಯೋದೇ.

ಒಬ್ಬ ನರ್ಸ್ ಕೂಡ ಬೇಕು. ತೋಳಿನ ಸ್ನಾಯುವಿಗೆ 0.5 ಮಿಲಿ, ಆಮೇಲೆ ಅರ್ಧ ಗಂಟೆ ಕೂರಿಸಿ ನೋಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ತಿಳಿಸಿ: ತೆಳು ಸೂಜಿ ಬಳಸಿ, ಚುಚ್ಚಿದ ಜಾಗ ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿಯಬೇಕು. ಜೋರು ಜ್ವರ ಇದ್ದವರು ಈಗ ಬೇಡ.

ಹೋದ ವರ್ಷ ಹಾಕಿಸಿಕೊಂಡವರೂ ಬನ್ನಿ, ವೈರಸ್ ತಳಿ ಬದಲಾಗುತ್ತಿರುತ್ತೆ. ಕೋವಿಡ್ ಬೂಸ್ಟರ್ ಇಲ್ಲಿ ಹಾಕುವುದಿಲ್ಲ. ಬೇಕಾದವರು ನಿಮ್ಮ ಡಾಕ್ಟರನ್ನೇ ಕೇಳಿ.