ಡ್ರಾಯಿಂಗ್‌ನಲ್ಲಿ ಉಕ್ಕಿನ ಹೆಸರು ‘ಇಎನ್ 8’ ಎಂದು ಬರೆದರೆ ಸಾಕೇ? ಕಾರ್ಖಾನೆಯ ಸಾಮಗ್ರಿ ಮಾಹಿತಿಯನ್ನು ಒಂದೆಡೆ ತರುವ ಬಗ್ಗೆ ಸಲಹೆ ಬೇಕು

ಪ್ರಶ್ನೆ (ವಿನ್ಯಾಸ ವಿಭಾಗ, ಪೀಣ್ಯ)

ಎಲ್ಲರಿಗೂ ನಮಸ್ಕಾರ. ಹೈಡ್ರಾಲಿಕ್ ಸಿಲಿಂಡರ್ ಮತ್ತು ಪಂಪ್ ಶಾಫ್ಟ್‌ಗಳನ್ನು ತಯಾರಿಸುವ, ಸುಮಾರು 120 ಜನ ಕೆಲಸ ಮಾಡುವ ಕಾರ್ಖಾನೆಯೊಂದರ ವಿನ್ಯಾಸ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಸಾಮಗ್ರಿಗಳ ಮಾಹಿತಿ ಐದು ಕಡೆ ಚದುರಿಹೋಗಿದೆ. ವಿನ್ಯಾಸದವರ ಬಳಿ ಹಳೆಯದೊಂದು ಎಕ್ಸೆಲ್ ಕಡತವಿದೆ. ಅದನ್ನು ಯಾರು, ಯಾವ ಪುಸ್ತಕ ನೋಡಿ ತುಂಬಿದರು ಎಂಬುದು ಈಗ ಕೆಲಸದಲ್ಲಿರುವ ಯಾರಿಗೂ ತಿಳಿಯದು. ಖರೀದಿಯವರು ತಮ್ಮದೇ ಪಟ್ಟಿಯನ್ನಿಟ್ಟುಕೊಂಡು ‘ಇಎನ್ 8 ಅಥವಾ ಸಮಾನ’ ಎಂದು ಆರ್ಡರ್ ಬರೆಯುತ್ತಾರೆ. ಟಿಸಿಗಳು (ಸರಕಿನೊಂದಿಗೆ ಬರುವ ಪರೀಕ್ಷಾ ಪ್ರಮಾಣಪತ್ರಗಳು) ಸ್ಟೋರ್ಸ್‌ನ ಫೈಲಿನಲ್ಲಿವೆ, ಹೀಟ್ ಟ್ರೀಟ್‌ಮೆಂಟ್ ವರದಿಗಳು ಗುಣಮಟ್ಟ ವಿಭಾಗದ ಕಪಾಟಿನಲ್ಲಿವೆ, ದರಗಳು ಮಾತ್ರ ಇಆರ್‌ಪಿಯಲ್ಲಿ (ಖರೀದಿ, ದಾಸ್ತಾನು, ಲೆಕ್ಕಪತ್ರ ನೋಡುವ ತಂತ್ರಾಂಶ) ಇವೆ.

ಕಳೆದ ತಿಂಗಳು ಒಂದೇ ಡ್ರಾಯಿಂಗ್‌ನ ಶಾಫ್ಟ್‌ಗಳನ್ನು ಇಂಡಕ್ಷನ್ ಹಾರ್ಡನಿಂಗ್‌ಗೆ (ವಿದ್ಯುತ್ ಸುರುಳಿಯಿಂದ ಮೇಲ್ಮೈಯನ್ನು ಕಾಯಿಸಿ, ತಣಿಸಿ ಗಡಸುಗೊಳಿಸುವುದು) ಕಳುಹಿಸಿದಾಗ ಕೆಲವಕ್ಕೆ ಗಡಸುತನ ಸಾಲದೆ ಹೋಯಿತು, ಇನ್ನು ಕೆಲವು ಕೂದಲೆಳೆಯಷ್ಟು ಬಿರುಕು ಬಿಟ್ಟವು. ಹುಡುಕಿ ನೋಡಿದರೆ ಅರ್ಧ ಸರಕು ಇಎನ್ 8, ಉಳಿದರ್ಧ ಸಿ45 ಎಂಬ ಇನ್ನೊಂದು ಉಕ್ಕು. ಇದೇ ಹೊತ್ತಿಗೆ ಜರ್ಮನಿಯ ಗ್ರಾಹಕರೊಬ್ಬರು ಪ್ರತಿ ಬಿಡಿಭಾಗಕ್ಕೂ 3.1 ಪ್ರಮಾಣಪತ್ರ (ಅದೇ ಸರಕಿನ ಪರೀಕ್ಷಾ ಫಲಿತಾಂಶವಿರುವ ಪತ್ರ) ಮತ್ತು ರೀಚ್ (ಯುರೋಪಿನ ರಾಸಾಯನಿಕ ನಿಯಮ) ಘೋಷಣೆಯನ್ನು ಕೇಳುತ್ತಿದ್ದಾರೆ. ಸಾಮಗ್ರಿ ಮಾಹಿತಿಗೆಂದೇ ಇರುವ ತಂತ್ರಾಂಶವನ್ನು ಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಕೊಳ್ಳಬೇಕೇ, ಅಥವಾ ಇರುವುದರಲ್ಲೇ ಸರಿಪಡಿಸಿಕೊಳ್ಳಬಹುದೇ?

ಉತ್ತರ 1 (ಲೋಹಶಾಸ್ತ್ರ, ನಿವೃತ್ತ)

ಮೊದಲು ಬಿರುಕಿನ ವಿಷಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ತಮ್ಮ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ. ನಾವು ಇಎನ್ 8 ಎನ್ನುವ ಉಕ್ಕು ಬ್ರಿಟಿಷ್ ಮಾನಕ ಬಿಎಸ್ 970ರ ನಂತರದ ಹೆಸರಿಡುವ ಪದ್ಧತಿಯಲ್ಲಿ 080ಎಂ40. ಅದರಲ್ಲಿ ಕಾರ್ಬನ್ 0.36ರಿಂದ 0.44 ಪ್ರತಿಶತ. ಸಿ45ರಲ್ಲಿ ಅದು 0.42ರಿಂದ 0.50. ಇವೆರಡೂ ಸೇರುವುದು 0.42 ಮತ್ತು 0.44ರ ನಡುವಿನ ಸಣ್ಣ ಸಂದಿಯಲ್ಲಿ ಮಾತ್ರ. ಇಂಡಕ್ಷನ್ ಹಾರ್ಡನಿಂಗ್‌ನಲ್ಲಿ ಮೇಲ್ಮೈಯ ಗಡಸುತನವನ್ನು ಮುಖ್ಯವಾಗಿ ಕಾರ್ಬನ್ನೇ ನಿರ್ಧರಿಸುವುದರಿಂದ, 0.37ರ ಸರಳನ್ನೂ 0.49ರ ಸರಳನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಕಾಯಿಸಿ ನೀರು ಹಾಯಿಸಿದರೆ ಮೊದಲನೆಯದು ಮೆತ್ತಗಾಗಿಯೂ ಎರಡನೆಯದು ಬಿರುಕು ಬಿಟ್ಟೂ ಬರುವುದರಲ್ಲಿ ಆಶ್ಚರ್ಯವಿಲ್ಲ. ಹೀಟ್ ಟ್ರೀಟ್‌ಮೆಂಟ್‌ನವರ ತಪ್ಪು ಇಲ್ಲಿ ಬಹಳ ಕಡಿಮೆ. ತಪ್ಪು ಇರುವುದು ‘ಅಥವಾ ಸಮಾನ’ ಎಂಬ ಎರಡು ಪದಗಳಲ್ಲಿ. ಯಾವ ಕೆಲಸಕ್ಕೆ ಸಮಾನ ಎಂಬುದನ್ನು ಬರೆಯದೆ ಆ ಮಾತನ್ನು ಬಳಸಲೇಬಾರದು: ನಾರ್ಮಲೈಸ್ ಮಾಡಿ (ಕಾಯಿಸಿ ಗಾಳಿಯಲ್ಲಿ ಆರಿಸಿ) ಬಳಸುವ ಪಿನ್ನಿಗೆ ಸಿ45 ನಡೆಯಬಹುದು, ಇಂಡಕ್ಷನ್ ಶಾಫ್ಟಿಗೆ ಅದು ಬೇರೆಯದೇ ಉಕ್ಕು.

ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ನಮ್ಮ ಶೆಡ್ಡುಗಳಲ್ಲಿ ಇಂದಿಗೂ ನಾಲಿಗೆಯ ಮೇಲಿರುವ ಇಎನ್ 8, ಇಎನ್ 19, ಇಎನ್ 24 ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸಂಖ್ಯೆಗಳು. ತಮ್ಮ ಜರ್ಮನ್ ಗ್ರಾಹಕರು ಇಎನ್ 10083 ಎಂದು ಬರೆದಾಗ ಅಲ್ಲಿರುವ ಇಎನ್ ಯುರೋಪಿನ ಮಾನಕ. ಎರಡಕ್ಕೂ ನಂಟಿಲ್ಲ. ಖರೀದಿಗೆ ಹೊಸದಾಗಿ ಸೇರಿದವರು ಇವೆರಡನ್ನೂ ಒಂದೇ ಪಟ್ಟಿಗೆ ಹಾಕಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಆದ್ದರಿಂದ ತಂತ್ರಾಂಶದ ಮಾತು ಆಮೇಲೆ. ಈಗಲೇ ಅದನ್ನು ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಆ ಎಕ್ಸೆಲ್ ಕಡತದ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಮಾನಕದ್ದು, ಆ ಮಾನಕದ ಯಾವ ವರ್ಷದ ಆವೃತ್ತಿಯದ್ದು, ಸರಕು ಯಾವ ಸ್ಥಿತಿಯಲ್ಲಿದ್ದಾಗಿನದು, ಎಷ್ಟು ದಪ್ಪದವರೆಗೆ ಸಲ್ಲುತ್ತದೆ ಎಂಬುದನ್ನು ಬರೆಯಿರಿ. ಬರೆಯಲಾಗದ ಅಂಕಿಗಳನ್ನು ಅಳಿಸಿಬಿಡಿ. ಇಎನ್ 24 ಎಂದಷ್ಟೇ ಬರೆದರೆ ಅರ್ಥವಿಲ್ಲ. ಟಿ ಎಂಬ ಹೀಟ್ ಟ್ರೀಟ್‌ಮೆಂಟ್ ಸ್ಥಿತಿಯಲ್ಲಿ ಅದರ ಟೆನ್ಸೈಲ್ (ಎಳೆತಕ್ಕೆ ತುಂಡಾಗುವ ಮುನ್ನ ತಾಳುವ ಗರಿಷ್ಠ ಬಲ) 850ರಿಂದ 1000 ಮೆಗಾಪಾಸ್ಕಲ್, ಝಡ್ ಸ್ಥಿತಿಯಲ್ಲಿ ಕನಿಷ್ಠ 1550. ಹೆಸರು ಒಂದೇ ಆದರೂ ಬಲ ಒಂದೂವರೆ ಪಟ್ಟಿಗೂ ಹೆಚ್ಚು ಬೇರೆ. ಹಳೆಯ ಡ್ರಾಯಿಂಗ್‌ಗಳಲ್ಲಿ ಟಿ ಸ್ಥಿತಿಯನ್ನೇ ‘55 ಟನ್’ ಎಂದು ಬರೆದಿರುವುದುಂಟು. ಅದು ಚದರ ಇಂಚಿಗೆ 55 ಬ್ರಿಟಿಷ್ ಟನ್, ಅಂದರೆ ಸುಮಾರು 850 ಮೆಗಾಪಾಸ್ಕಲ್. ಈ ಲೆಕ್ಕ ಗೊತ್ತಿರುವವರು ನಿವೃತ್ತರಾಗುವ ಮುನ್ನ ಅವರನ್ನು ಕೂರಿಸಿಕೊಂಡು ಬರೆಸಿಕೊಳ್ಳಿ.

ಉತ್ತರ 2 (ಇಆರ್‌ಪಿ ಅನುಷ್ಠಾನ, ಹುಬ್ಬಳ್ಳಿ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಎಕ್ಸೆಲ್ ಅನ್ನು ಎಷ್ಟೇ ಚೊಕ್ಕಗೊಳಿಸಿದರೂ ಖರೀದಿಯವರು ಅದನ್ನು ತೆರೆದು ನೋಡುವುದಿಲ್ಲ. ಅವರು ನೋಡುವುದು ಐಟಂ ಕೋಡನ್ನು ಮಾತ್ರ. ಆದ್ದರಿಂದ ಇಆರ್‌ಪಿಯ ಐಟಂ ಮಾಸ್ಟರ್ (ಎಲ್ಲ ವಸ್ತುಗಳ ಕೋಡ್ ಪಟ್ಟಿ) ಅನ್ನೂ ಜೊತೆಯಲ್ಲೇ ಸರಿಪಡಿಸಬೇಕು. ಮೆತು ಉಕ್ಕಿನ (ಎಂಎಸ್) ಒಂದೇ ತಟ್ಟೆಯನ್ನು ‘ಎಂಎಸ್ ಪ್ಲೇಟ್ 10 ಮಿಮೀ’, ‘ಪ್ಲೇಟ್ ಎಂಎಸ್ 10 ದಪ್ಪ’, ‘ಐಎಸ್ 2062 ಪ್ಲೇಟ್ 10’ ಎಂದು ಮೂವರು ಮೂರು ಬಾರಿ ಸೃಷ್ಟಿಸಿರುತ್ತಾರೆ. ಹೀಗಾದಾಗ ಮೂರು ಕಡೆ ದಾಸ್ತಾನು ಇದ್ದರೂ ನಾಲ್ಕನೆಯ ಆರ್ಡರ್ ಹೋಗುತ್ತದೆ. ಸ್ಯಾಪ್ ಎಂಬ ಇಆರ್‌ಪಿಯಲ್ಲಿ ಕಿರು ವಿವರಣೆಗೆ 40 ಅಕ್ಷರಗಳ ಮಿತಿ ಇರುವುದರಿಂದ ಎಲ್ಲರೂ ತಮಗೆ ತೋಚಿದಂತೆ ಪದಗಳನ್ನು ಕತ್ತರಿಸುತ್ತಾರೆ, ಹುಡುಕಿದರೆ ಯಾವುದೂ ಸಿಗುವುದಿಲ್ಲ.

ಗ್ರೇಡ್, ಸ್ಥಿತಿ, ಆಕಾರ, ಅಳತೆ, ಮಾನಕ ಇವುಗಳಿಗೆ ಪ್ರತ್ಯೇಕ ಕ್ಷೇತ್ರಗಳಿರಲಿ, ಅವುಗಳನ್ನು ಪಟ್ಟಿಯಿಂದ ಆಯ್ದುಕೊಳ್ಳುವಂತಿರಲಿ, ವಿವರಣೆ ಅವುಗಳಿಂದ ತಾನೇ ರೂಪುಗೊಳ್ಳಲಿ. ಹೊಸ ಕೋಡ್ ತೆರೆಯುವ ಅಧಿಕಾರ ಇಡೀ ಕಾರ್ಖಾನೆಯಲ್ಲಿ ಇಬ್ಬರಿಗೆ ಮಾತ್ರ ಇರಲಿ. ಇದಕ್ಕೆ ಖಂಡಿತ ಗಲಾಟೆಯಾಗುತ್ತದೆ, ಆಗಲಿ.

ಮರುಪ್ರಶ್ನೆ (ವಿನ್ಯಾಸ ವಿಭಾಗ, ಪೀಣ್ಯ)

ಇಬ್ಬರಿಗೂ ಧನ್ಯವಾದಗಳು. ಒಂದು ಸಂದೇಹ: ಲೆಕ್ಕಾಚಾರಕ್ಕೆ ಯಾವ ಯೀಲ್ಡ್ (ಲೋಹ ಶಾಶ್ವತವಾಗಿ ಬಾಗಲು ಆರಂಭಿಸುವ ಒತ್ತಡ) ಅಂಕಿಯನ್ನು ಇಟ್ಟುಕೊಳ್ಳಬೇಕು? ಟಿಸಿಗಳಲ್ಲಿ ಬರುವ ಅಂಕಿ ಮಾನಕದಲ್ಲಿರುವುದಕ್ಕಿಂತ ಯಾವಾಗಲೂ ಹೆಚ್ಚೇ ಇರುತ್ತದೆ. ಟಿಸಿಗಳ ಸರಾಸರಿಯನ್ನು ತೆಗೆದುಕೊಂಡರೆ ಸರಕು ಉಳಿಯುತ್ತದಲ್ಲ ಎಂದು ನಮ್ಮ ತರುಣ ಎಂಜಿನಿಯರ್‌ಗಳು ಕೇಳುತ್ತಾರೆ.

ಉತ್ತರ 3 (ವಿಮಾನ ರಚನೆಗಳ ಒತ್ತಡ ವಿಶ್ಲೇಷಣೆ, ಬೆಂಗಳೂರು)

ಸರಾಸರಿಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಸರಾಸರಿ ಎಂದರೆ ಸುಮಾರು ಅರ್ಧದಷ್ಟು ಸರಳುಗಳು ಅದಕ್ಕಿಂತ ದುರ್ಬಲ ಎಂದೇ ಅರ್ಥ. ವಿಮಾನ ಕ್ಷೇತ್ರದಲ್ಲಿ ಇದಕ್ಕೆ ಬಹಳ ಹಿಂದೆಯೇ ಕಟ್ಟುನಿಟ್ಟಾದ ಪದ್ಧತಿ ಬಂದಿದೆ. ವಿಮಾನ ಲೋಹಗಳ ಅಂಕಿಗಳಿರುವ ಅಮೆರಿಕದ ಎಂಐಎಲ್ ಹ್ಯಾಂಡ್‌ಬುಕ್ 5, ಈಗ ಅದರ ಜಾಗದಲ್ಲಿರುವ ಎಂಎಂಪಿಡಿಎಸ್, ಪ್ರತಿ ಅಂಕಿಗೂ ಒಂದು ಆಧಾರವನ್ನು ಹೇಳುತ್ತವೆ. ‘ಎ’ ಆಧಾರ ಎಂದರೆ 95 ಪ್ರತಿಶತ ವಿಶ್ವಾಸದೊಂದಿಗೆ ನೂರರಲ್ಲಿ 99 ತುಂಡುಗಳು ಆ ಅಂಕಿಯನ್ನು ಮೀರುತ್ತವೆ. ‘ಬಿ’ ಆಧಾರದಲ್ಲಿ ನೂರಕ್ಕೆ 90. ‘ಎಸ್’ ಎಂದರೆ ಮಾನಕ ಹೇಳುವ ಕನಿಷ್ಠ. ಒಂದು ಭಾಗ ಮುರಿದರೆ ಇಡೀ ರಚನೆಯೇ ಕುಸಿಯುವಂತಿದ್ದಲ್ಲಿ ‘ಎ’ ಬಳಸುತ್ತೇವೆ, ಭಾರವನ್ನು ಹಂಚಿಕೊಳ್ಳಲು ಪಕ್ಕದ ಭಾಗಗಳಿದ್ದಲ್ಲಿ ‘ಬಿ’ ಸಾಕು.

ತಮಗೆ ಇಷ್ಟು ದೂರ ಹೋಗುವ ಅಗತ್ಯವಿಲ್ಲ, ಮಾನಕದ ಕನಿಷ್ಠವನ್ನೇ ಇಟ್ಟುಕೊಳ್ಳಿ. ಆದರೆ ಅಂಕಿಯ ಪಕ್ಕದಲ್ಲಿ ‘ಕನಿಷ್ಠ’, ‘ಸಾಮಾನ್ಯ’ ಅಥವಾ ‘ನಮ್ಮ ಪರೀಕ್ಷೆ’ ಎಂದು ಬರೆಯುವ ಅಂಕಣ ಇರಲೇಬೇಕು. ಅಂತರ್ಜಾಲದಲ್ಲಿ ಹುಡುಕಿದರೆ 6061-ಟಿ6 ಅಲ್ಯುಮಿನಿಯಂಗೆ ಯೀಲ್ಡ್ 276 ಮೆಗಾಪಾಸ್ಕಲ್ ಎಂದು ಎಲ್ಲೆಡೆ ಸಿಗುತ್ತದೆ. ಅದು ಸಾಮಾನ್ಯ ಅಂಕಿ. ತಗಡಿನ ಮಾನಕ ಖಾತರಿ ಕೊಡುವುದು 240ಕ್ಕೆ ಮಾತ್ರ. ಈ ಸುಮಾರು 13 ಪ್ರತಿಶತ ತಮ್ಮ ಸುರಕ್ಷಾ ಗುಣಾಂಕದಿಂದ ಸದ್ದಿಲ್ಲದೆ ಕಳೆದುಹೋಗುತ್ತದೆ. ದಪ್ಪದ ಮಾತೂ ಹಾಗೆಯೇ. ಐಎಸ್ 2062ರ ಇ250 ತಟ್ಟೆಗೆ ಹೆಸರಿನಲ್ಲೇ 250 ಇದ್ದರೂ ಅದು 20 ಮಿಮೀಗಿಂತ ಕಡಿಮೆ ದಪ್ಪಕ್ಕೆ ಮಾತ್ರ. 20ರಿಂದ 40ರವರೆಗೆ 240, ಅದರಾಚೆ 230. ಸಿಲಿಂಡರಿನ ತಳಕ್ಕೆ 50 ಮಿಮೀ ತಟ್ಟೆ ಹಾಕಿ 250ಕ್ಕೆ ಲೆಕ್ಕ ಮಾಡಿರುವ ಡ್ರಾಯಿಂಗ್ ತಮ್ಮಲ್ಲೂ ಇರಬಹುದು, ನೋಡಿ.

ತಂತ್ರಾಂಶದ ಬಗ್ಗೆ: ಕೇಂಬ್ರಿಜ್‌ನಲ್ಲಿ 1994ರಲ್ಲಿ ಆರಂಭವಾಗಿ 2019ರಲ್ಲಿ ಆನ್ಸಿಸ್ ಎಂಬ ತಂತ್ರಾಂಶ ಕಂಪನಿಯ ಪಾಲಾದ ಗ್ರಾಂಟಾದಂಥವು ನಿಜಕ್ಕೂ ಒಳ್ಳೆಯ ಉಪಕರಣಗಳು. ಆದರೆ ತಮ್ಮದೇ ಪ್ರಯೋಗಾಲಯದಿಂದ ಸಾವಿರಾರು ಪರೀಕ್ಷಾ ಫಲಿತಾಂಶಗಳು ಬರುತ್ತಿದ್ದು, ಅವುಗಳಿಂದ ವಿನ್ಯಾಸದ ಅಂಕಿಗಳನ್ನು ತೆಗೆದು ಹಲವು ಊರುಗಳ ತಂಡಗಳಿಗೆ ಹಂಚಬೇಕಾದಾಗ ಅವುಗಳಿಗೆ ಬೆಲೆ. ತಾವು ಹೆಚ್ಚೆಂದರೆ 30 ಗ್ರೇಡ್‌ಗಳನ್ನು ಬಳಸುತ್ತಿರಬಹುದು.

ಉತ್ತರ 1ರವರಿಂದ ಮತ್ತೆ

3.1ರ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. ಪರೀಕ್ಷಾ ಪತ್ರಗಳ ಯುರೋಪಿಯನ್ ಮಾನಕ ಇಎನ್ 10204ರ ಪ್ರಕಾರ 2.2 ಪತ್ರದಲ್ಲಿರುವ ಫಲಿತಾಂಶ ತಮಗೆ ಬಂದ ಸರಕಿನದ್ದೇ ಆಗಿರಬೇಕೆಂದಿಲ್ಲ. 3.1ರಲ್ಲಿ ಅದು ಅದೇ ಸರಕಿನದ್ದಾಗಿರಬೇಕು, ಉತ್ಪಾದನೆಗೆ ಅಧೀನರಲ್ಲದ ತಪಾಸಣಾ ಪ್ರತಿನಿಧಿಯ ಸಹಿ ಇರಬೇಕು. 3.2ರಲ್ಲಿ ಅದರ ಮೇಲೆ ಖರೀದಿದಾರರ ಕಡೆಯವರ ಅಥವಾ ನಿಯಮಗಳು ನೇಮಿಸಿದ ತಪಾಸಣಾಧಿಕಾರಿಯ ಸಹಿಯೂ ಬೇಕು. ಅಂಗಡಿಯವರು ಕೊಡುವ ಟಿಸಿ ನಕಲಿನ ಹೀಟ್ ನಂಬರ್ (ಒಮ್ಮೆಗೆ ಕರಗಿಸಿದ ಉಕ್ಕಿನ ಗುರುತು ಸಂಖ್ಯೆ) ಸರಳಿನ ತುದಿಯಲ್ಲಿರುವ ಹೀಟ್ ನಂಬರಿನೊಂದಿಗೆ ಹೊಂದದಿದ್ದರೆ ಅದು ಬರೀ ಕಾಗದ.

ಹೊಂದಿದರೂ ಕುರುಡಾಗಿ ನಂಬಬೇಡಿ. ನಾಸಾದ ಒಸಿಒ ಉಪಗ್ರಹ 2009ರಲ್ಲಿ, ಗ್ಲೋರಿ 2011ರಲ್ಲಿ ಟಾರಸ್ ಎಕ್ಸ್‌ಎಲ್ ರಾಕೆಟ್ಟಿನ ಮೂತಿಯ ಕವಚ ಬೇರ್ಪಡದೆ ನಷ್ಟವಾದವು. ಕವಚದ ಜೋಡಣೆಗೆ ಬಳಸಿದ್ದ ಅಲ್ಯುಮಿನಿಯಂ ಎಕ್ಸ್‌ಟ್ರೂಷನ್‌ಗಳ ಪರೀಕ್ಷಾ ಫಲಿತಾಂಶಗಳನ್ನು ತಯಾರಕರೇ ತಿದ್ದುತ್ತಿದ್ದರೆಂದು ನಾಸಾ 2019ರಲ್ಲಿ ಪ್ರಕಟಿಸಿತು; ನಷ್ಟ 70 ಕೋಟಿ ಡಾಲರಿಗೂ ಹೆಚ್ಚು. ಪ್ರತಿ ಹೀಟಿನಿಂದ ಒಂದು ತುಂಡನ್ನು ಹೊರಗಿನ ಪ್ರಯೋಗಾಲಯದಲ್ಲಿ ಸ್ಪೆಕ್ಟ್ರೋ (ಲೋಹದ ರಾಸಾಯನಿಕ ಸಂಯೋಜನೆಯ ಪರೀಕ್ಷೆ) ಮಾಡಿಸಿ, ಆ ಫಲಿತಾಂಶವನ್ನೂ ಟಿಸಿಯನ್ನೂ ಒಂದೇ ದಾಖಲೆಯಲ್ಲಿ ಇಡಿ. ಇದನ್ನು ಮಾಡಿದ್ದರೆ ಆ ಸಿ45 ಸರಕು ಒಳಬರುವಾಗಲೇ ಸಿಕ್ಕಿಬೀಳುತ್ತಿತ್ತು.

ಉತ್ತರ 4 (ರಫ್ತು ದಾಖಲೆಗಳು, ಬೆಳಗಾವಿ)

ರೀಚ್ ಬಗ್ಗೆ ಮಾತ್ರ: ಸೀಸ 2018ರ ಜೂನ್‌ನಿಂದ ಅವರ ಕಳವಳಕಾರಿ ವಸ್ತುಗಳ ಪಟ್ಟಿಯಲ್ಲಿದೆ, ತೂಕದಲ್ಲಿ 0.1 ಪ್ರತಿಶತ ಮೀರಿದರೆ ಗ್ರಾಹಕರಿಗೆ ತಿಳಿಸಲೇಬೇಕು. ಸೀಸ ಬೆರೆಸಿದ ಇಎನ್ 1ಎ ಉಕ್ಕಿನಲ್ಲಿ ಅದು 0.15ರಿಂದ 0.35ರವರೆಗೆ ಇರುತ್ತದೆ, ಫ್ರೀ ಕಟಿಂಗ್ ಹಿತ್ತಾಳೆಯಲ್ಲಿ ಇನ್ನೂ ಬಹಳ ಹೆಚ್ಚು. ಇಡೀ ಸಿಲಿಂಡರಿನ ತೂಕಕ್ಕೆ ಹೋಲಿಸಿದರೆ ಒಂದು ಬುಷ್ ಏನೂ ಅಲ್ಲ ಎಂದುಕೊಳ್ಳಬೇಡಿ. ಯುರೋಪಿನ ನ್ಯಾಯಾಲಯದ 2015ರ ತೀರ್ಪಿನ ನಂತರ ಪ್ರತಿಶತವನ್ನು ಆ ಬುಷ್ ಒಂದರ ಮೇಲೆಯೇ ಲೆಕ್ಕ ಹಾಕಬೇಕು. ಆದ್ದರಿಂದ ಗ್ರೇಡ್ ದಾಖಲೆಯಲ್ಲಿ ಸೀಸಕ್ಕೊಂದು ಅಂಕಣವಿರಲಿ.

ಪ್ರಶ್ನಿಸಿದವರಿಂದ

ಹೇಳಿದಂತೆ ಎಕ್ಸೆಲ್ ಕಡತವನ್ನು ನಿನ್ನೆ ಕುಳಿತು ನೋಡಿದೆವು. 212 ಸಾಲುಗಳಲ್ಲಿ ಮೂಲ ತಿಳಿದದ್ದು 37ಕ್ಕೆ ಮಾತ್ರ. ಉಳಿದವನ್ನು ಸದ್ಯಕ್ಕೆ ಬೀಗ ಹಾಕಿಟ್ಟಿದ್ದೇವೆ. 50 ಮಿಮೀ ತಳದ ಡ್ರಾಯಿಂಗ್‌ಗಳು ನಾಲ್ಕು ಸಿಕ್ಕವು, ಅವುಗಳ ಲೆಕ್ಕವನ್ನು ಮತ್ತೆ ಮಾಡುತ್ತಿದ್ದೇವೆ. ತಂತ್ರಾಂಶದವರಿಗೆ ಮುಂದಿನ ವರ್ಷ ಬನ್ನಿ ಎಂದು ಹೇಳಿದ್ದೇವೆ. ಉಳಿದಿರುವುದು ಸ್ಟೋರ್ಸ್‌ನ ತುಂಡುಗಳ ಸಮಸ್ಯೆ. ಸರಳನ್ನು ಕತ್ತರಿಸಿದ ಮೇಲೆ ಉಳಿಯುವ ಎರಡಡಿ, ಮೂರಡಿ ತುಂಡುಗಳಿಗೆ ಹೀಟ್ ನಂಬರೇ ಇಲ್ಲ. ಅವನ್ನೆಲ್ಲ ಗುಜರಿಗೆ ಹಾಕಬೇಕೇ?

ಉತ್ತರ 1ರವರಿಂದ

ಈಗಿರುವವನ್ನು ಸ್ಪೆಕ್ಟ್ರೋ ಮಾಡಿಸಿ ಗ್ರೇಡ್ ಖಚಿತಪಡಿಸಿಕೊಂಡು ಜಿಗ್, ಫಿಕ್ಸ್‌ಚರ್‌ಗಳಿಗೆ (ಕೆಲಸದ ತುಂಡನ್ನು ಹಿಡಿಯುವ ಸಾಧನಗಳು) ಬಳಸಿ, 3.1 ಕೇಳುವ ಕೆಲಸಕ್ಕೆ ಬೇಡ, ಏಕೆಂದರೆ ಗ್ರೇಡ್ ತಿಳಿದರೂ ಹೀಟ್ ತಿಳಿಯುವುದಿಲ್ಲ. ಇನ್ನು ಮುಂದೆ ಬ್ಯಾಂಡ್‌ಸಾ ನಡೆಸುವವರಿಗೆ ಒಂದೇ ಮಾತು ಹೇಳಿ: ನಂಬರ್ ಹೊಡೆದಿರುವ ತುದಿಯನ್ನು ಕೊನೆಗೆ ಉಳಿಸಿಕೊಂಡು ಇನ್ನೊಂದು ತುದಿಯಿಂದಲೇ ಕತ್ತರಿಸುತ್ತ ಬರಬೇಕು, ಕತ್ತರಿಸಿದ ತುಂಡು ಯಂತ್ರದಿಂದ ಇಳಿಯುವ ಮುನ್ನವೇ ಅದರ ಮೇಲೆ ಹೀಟ್ ನಂಬರನ್ನು ಪಂಚ್ ಮಾಡಬೇಕು.